ಟ್ಯೂಬಿನೊಳಗೊಬ್ಬ ನೆಂಟ

ಮೊನ್ನೆ ಸಾಂತಾಕ್ರೂಜ್ ಸ್ಟೇಷನ್ನಿನ ಹೊರಗೆ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. ತರಕಾರಿ ಮಾರುವ ಮಾವಶಿ ಬೆಂಡೆಕಾಯಿಯನ್ನು ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದವಳು ಥಟ್ಟನೆ ತಕ್ಕಡಿ ಕೆಳಗಿಟ್ಟಳು.

“ಅಗ ಬಾಯೀ! ವೋಟಿಂಗ್ ಕಧೀ ಝಾಲಂ?”

ಮತದಾನ ಯಾವಾಗ ಮುಗಿದುಹೋಯಿತು, ತನಗೊಬ್ಬಳಿಗೇ ಯಾರೂ ಹೇಳಲಿಲ್ಲವೇ ಎಂಬ ಗಾಬರಿ ಅವಳದು. ನನ್ನ ತೋರುಬೆರಳು ಉಗುರಿನ ಸಂದಿಯವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಇದು ಲ್ಯಾಬಿನ ಬಣ್ಣ ಎಂದು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಸಮಾಧಾನ ಹೇಳಿದೆ. ನಂಬಿದಂತೆ ತಲೆಯಾಡಿಸಿದಳು. ಆದರೆ ನಾನು ಚೀಲ ಹಿಡಿದು ಹೊರಟು ತಿರುಗಿ ನೋಡಿದರೆ, ಪಕ್ಕದ ಕೊತ್ತಂಬರಿಯವನ ಬೆರಳನ್ನು ಬಗ್ಗಿ ಪರೀಕ್ಷಿಸುತ್ತಿದ್ದಳು!

ಈ ನೇರಳೆಗೂ ನನಗೂ ಹಳೆಯ ಸಲಿಗೆ. ಸೋಪಿಗೆ ಹೆದರುವುದಿಲ್ಲ, ನಿಂಬೆಹಣ್ಣಿಗೆ ಬಗ್ಗುವುದಿಲ್ಲ, ಮದುವೆಮನೆಗೆ ಹೋಗುವ ಹಿಂದಿನ ದಿನವೇ ಬಂದು ಕೂರುತ್ತದೆ. ಕ್ರಿಸ್ಟಲ್ ವಯಲೆಟ್ ಎಂದು ಅದರ ಹೆಸರು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗೆ ನಾವು ತೊಡಿಸುವ ಅಂಗಿ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಯಂತ್ರ ಬಂದಿದೆ. ಬ್ಯಾಕ್ಟೀರಿಯಾವನ್ನು ಒಳಗಿಟ್ಟರೆ ಯಂತ್ರವೇ ಹೆಸರು ಹೇಳಿಬಿಡುತ್ತದೆ. ನಮ್ಮ ಕಾಲೇಜಿನ ಮಕ್ಕಳು ಮಾತ್ರ ಇನ್ನೂ ಕೈಗೆ ಬಣ್ಣ ಮೆತ್ತಿಕೊಂಡೇ ಕಲಿಯುತ್ತಾರೆ. ಮೆತ್ತಿಸುವ ಟೀಚರು ನಾನೇ.

ಕೆಲಸವೇನೋ ಸರಳ. ಗಾಜಿನ ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಬಳಿದು, ಬೆಂಕಿಯ ಮೇಲೆ ಆಡಿಸಿ ಒಣಗಿಸಿ, ನೇರಳೆ ಹಾಕುವುದು. ಅದು ಹಿಡಿದುಕೊಳ್ಳಲಿ ಎಂದು ಅಯೋಡಿನ್. ಆಮೇಲೆ ಆಲ್ಕೋಹಾಲಿನಲ್ಲಿ ಒಂದಿಷ್ಟು ತೊಳೆದು ಕೊನೆಗೆ ಗುಲಾಬಿ ಬಣ್ಣ. ಕೆಲವು ಬ್ಯಾಕ್ಟೀರಿಯಾ ದಪ್ಪಗೋಡೆಯವು, ಹಠಮಾರಿಗಳು. ಒಮ್ಮೆ ಹಿಡಿದ ನೇರಳೆಯನ್ನು ತೊಳೆದರೂ ಬಿಡುವುದಿಲ್ಲ. ಇನ್ನು ಕೆಲವು ತೊಳೆದ ಕೂಡಲೇ ಅದನ್ನು ಕಳಚಿ ಗುಲಾಬಿ ಉಟ್ಟು ನಿಲ್ಲುತ್ತವೆ. ನೇರಳೆಯೋ ಗುಲಾಬಿಯೋ ಎಂದು ಗೊತ್ತಾದರೆ ಅರ್ಧ ಗುರುತು ಸಿಕ್ಕಂತೆ.

ಸರಳ ಎಂದೆನಲ್ಲ, ಅಜ್ಜಿಯ ಕೈಯಲ್ಲಿ ಬೆಳೆದವರಿಗೆ ಅಲ್ಲ.

ನಮ್ಮ ಅಪ್ಪಯ್ಯನ ಹೋಟೆಲು ಸಾಂತಾಕ್ರೂಜ್ ಪೂರ್ವದಲ್ಲಿ, ಅದೇ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಮನೆ. ಕೆಳಗೆ ದಿನವಿಡೀ ಹಿಂದಿ, ಮರಾಠಿ, ಮೆಟ್ಟಿಲು ಹತ್ತಿದರೆ ಅಜ್ಜಿಯ ಕುಂದಾಪ್ರ ಕನ್ನಡ. ಅಕ್ಷರ ಕಲಿಸಿದ್ದೂ ಅವಳೇ. ಊರಿಂದ ಬರುವ ಹಪ್ಪಳದ ಕಟ್ಟಿಗೆ ಸುತ್ತಿದ ಪತ್ರಿಕೆಯ ಚೂರುಗಳೇ ನನ್ನ ಪಠ್ಯಪುಸ್ತಕ. ಹಾಗಾಗಿ ಯಾವ ಸುದ್ದಿಯ ತಲೆಯೂ ಬಾಲವೂ ಒಟ್ಟಿಗೆ ಸಿಕ್ಕಿದ್ದಿಲ್ಲ. ಯಾರದೋ ಮನೆಯ ಬಾವಿಗೆ ಚಿರತೆ ಬಿದ್ದಿತ್ತು; ಹೊರಗೆ ಬಂತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. “ಮುಂದಿನ ಹಪ್ಪಳದ ಕಟ್ಟಲ್ಲಿ ಬತ್ತ್, ಕಾಣ್” ಎಂದು ಅಜ್ಜಿ ಭರವಸೆ ಕೊಟ್ಟಿದ್ದಳು. ಬಂದದ್ದು ಅಡಿಕೆ ಧಾರಣೆ.

ಅಜ್ಜಿಗೆ ತೊಳೆಯುವುದೆಂದರೆ ಒಂದು ವ್ರತ. ಅಕ್ಕಿ, ಸೊಪ್ಪು, ಸ್ಟೀಲು ಲೋಟ, ಹೊಸ ಸೀರೆ, ಕೊನೆಗೆ ಸೋಪಿನ ಪೆಟ್ಟಿಗೆ ಕೂಡ. ಎಲ್ಲಕ್ಕೂ ಒಂದೇ ಶಾಸನ. “ನೀರ್ ತಿಳಿ ಬಪ್ಪಲ್ಲಿವರೆಗೆ ತೊಳಿ ಹೆಣೆ. ಬಣ್ಣ ಬಿಡ್ತಾ ಇತ್ತಂದ್ರೆ ತೊಳದಂಗಲ್ಲ.” ನೀರು ತಿಳಿಯಾದ ಮೇಲೂ ಮನಸ್ಸಮಾಧಾನಕ್ಕೆ ಇನ್ನೊಂದು ಸಲ. ಹೋಟೆಲಿನವರ ಮನೆಗೆ ಅದು ಒಳ್ಳೆಯ ಅಭ್ಯಾಸವೇ. ನನ್ನ ಕೈಗೆ ಅದು ಎಷ್ಟು ಇಳಿದಿತ್ತೆಂದರೆ, ಕಾಲೇಜಿನ ಹಾಸ್ಟೆಲಿನಲ್ಲಿದ್ದ ಗೆಳತಿಯರು, ನಾನು ಅವರ ಕೋಣೆಗೆ ಹೋದಾಗ, ಚಹಾದ ಕಪ್ಪು ತೊಳೆಯಲು ನನ್ನ ಕೈಗೆ ಕೊಟ್ಟು ಒಂದು ಧಾರಾವಾಹಿ ನೋಡಿ ಬರುತ್ತಿದ್ದರು.

ಅಪ್ಪಯ್ಯನ ವಿದ್ಯೆ ಬೇರೆ. ದುಡ್ಡಿನ ಗಲ್ಲೆಯ ಮೇಲೆ ಕೂತವರು ಒಳಗೆ ಬಂದ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದರು. ಸಾಂಬಾರು ಬಾಯಿಗಿಟ್ಟು ಸಕ್ಕರೆ ಕೇಳಿದರೆ ಒಂದು ಊರು. ಚಟ್ನಿಯ ಬಟ್ಟಲನ್ನು ಮೂಸಿ ಶೇಂಗಾದ್ದಿಲ್ಲವೇ ಎಂದರೆ ಇನ್ನೊಂದು. ಕುಸುಬಲಕ್ಕಿ ಇದೆಯೇ ಎಂದು ಪಿಸುಗುಟ್ಟಿದರೆ ಮುಗಿಯಿತು, ಅಪ್ಪಯ್ಯ ಎದ್ದು ಹೋಗಿ, “ಹ್ವಾಯ್, ಬೈಂದೂರಾ, ಶಿರೂರಾ?” ಎಂದು ಕೇಳುತ್ತಿದ್ದರು. ಎಂತ ತಿಂತಾನೆ, ಎಂತ ಬಿಡ್ತಾನೆ ಎಂದು ಕಂಡರೆ ಸಾಕು, ಕುಲಗೋತ್ರ ಕೇಳುವುದೇ ಬೇಡ ಎಂಬುದು ಅವರ ಸಿದ್ಧಾಂತ.

ಕಾಲೇಜಿನಲ್ಲಿ ಕಿಣ್ವಗಳ ಪಾಠ ಶುರುವಾದಾಗ ನನಗೆ ನಗು ಬಂದದ್ದು ಇದಕ್ಕೇ. ಗೊತ್ತಿಲ್ಲದ ಬ್ಯಾಕ್ಟೀರಿಯಾವನ್ನು ಗುರುತಿಸುವುದೂ ಇದೇ ಗಲ್ಲೆಯ ವಿದ್ಯೆ! ಒಂದು ಟ್ಯೂಬಿನಲ್ಲಿ ಹಾಲಿನ ಸಕ್ಕರೆ ಬಡಿಸುವುದು, ಒಂದರಲ್ಲಿ ಜಿಲೆಟಿನ್, ಒಂದು ತಟ್ಟೆಯಲ್ಲಿ ಗಂಜಿಯ ಪಿಷ್ಟ. ಯಾವ ಕಿಣ್ವ ಹತ್ತಿರವಿದೆಯೋ ಅದಕ್ಕೆ ತಕ್ಕ ಊಟ. ಹೈಡ್ರೋಜನ್ ಪೆರಾಕ್ಸೈಡಿನ ಹನಿ ಬಿದ್ದರೆ ಕೆಲವು ಗೋಲಿಸೋಡಾದಂತೆ ಬುರಬುರ ಎನ್ನುತ್ತವೆ, ಕೆಲವು ನಮಗ್ಯಾಕೆ ಎಂದು ತೆಪ್ಪಗಿರುತ್ತವೆ. ನಾವು ಮರುದಿನ ಬಂದು ತಟ್ಟೆ ನೋಡಿದರಾಯಿತು.

ನಾನು ಇದಕ್ಕೆ ಮರುಳಾದದ್ದು ನಮ್ಮ ಹೋಟೆಲಿನ ಮೊಸರಿನಿಂದ. ಒಂದು ಹನಿ ಮೊಸರನ್ನು ಬಾಟಲಿಯಲ್ಲಿ ಒಯ್ದು, ಆಲ್ಕೋಹಾಲಿನ ಗೊಡವೆಯಿಲ್ಲದೆ ಬರೀ ನೇರಳೆ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟಾಗ ಕಂಡದ್ದು ನೇರಳೆ ಮಣಿಗಳ ಸರ, ಕಟ್ಟಿದ ಅಬ್ಬಲಿಗೆ ಮಾಲೆಯ ಹಾಗೆ. ಅಷ್ಟು ಚಂದದ್ದನ್ನು ನಾನು ದಿನಾ ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದೆನೇ! ಓಡಿ ಬಂದು ಗಲ್ಲೆಯೆದುರು ನಿಂತು ಕೂಗಿದೆ. “ಅಪ್ಪಯ್ಯ, ನಮ್ಮ ಮೊಸರಲ್ಲಿ ಎಷ್ಟ್ ಬ್ಯಾಕ್ಟೀರಿಯಾ ಇತ್ತ್ ಗೊತ್ತಿತ್ತಾ!”

ಮಧ್ಯಾಹ್ನದ ಊಟದ ಹೊತ್ತು. ಬಾಯಿಗೆ ಹೋಗುತ್ತಿದ್ದ ಚಮಚಗಳೆಲ್ಲ ತಟ್ಟೆಗೆ ಮರಳಿದವು.

“ಮೆಲ್ಲ, ಮಾರಾಯ್ತಿ, ಮೆಲ್ಲ!” ಅಪ್ಪಯ್ಯ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. “ಕಿಟಕಿ ಬದಿಯವ್ರ್ ಮೊಸರನ್ನ ಉಣ್ತಾ ಇದ್ರ್!”

ಹೀಗಿರುವಾಗ ಎರಡನೆಯ ವರ್ಷದ ಕೊನೆ ಬಂತು. ಮೂರನೆಯ ವರ್ಷಕ್ಕೆ ಮೈಕ್ರೋಬಯಾಲಜಿ ತೆಗೆದುಕೊಳ್ಳಲು ಹಂಬಲಿಸುವವರು ಬಹಳ, ಲ್ಯಾಬಿನಲ್ಲಿ ಜಾಗ ಸ್ವಲ್ಪ. ನಮ್ಮ ಮೆನೆಜಿಸ್ ಮೇಡಮ್, ಬಾಂದ್ರಾದವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವವರು, ಅದಕ್ಕೊಂದು ಉಪಾಯ ಮಾಡಿದ್ದರು. ಪ್ರತಿಯೊಬ್ಬರಿಗೂ ಹೆಸರಿಲ್ಲದ ಒಂದು ಟ್ಯೂಬು. ಒಳಗೆ ಒಂದೇ ಒಂದು ಬಗೆಯ ಬ್ಯಾಕ್ಟೀರಿಯಾ. ಶನಿವಾರದೊಳಗೆ ಅದರ ಹೆಸರು ಸರಿಯಾಗಿ ಹೇಳಿದವರಿಗೆ ಜಾಗ, ತಪ್ಪಿದವರಿಗೆ ನಮಸ್ಕಾರ.

ಮನೆಯಲ್ಲಿ ಅಪ್ಪಯ್ಯನೂ ತೀರ್ಪು ಕೊಟ್ಟಿದ್ದರು. “ಮೇಡಮ್ ಸೀಟ್ ಕೊಟ್ರೆ ಓದ್, ನಾ ಬ್ಯಾಡ ಅಂಬುದಿಲ್ಲ. ಕೊಡದಿದ್ರೆ ಕೇಟರಿಂಗ್ ಕಾಲೇಜ್. ಹೋಟೆಲ್ ನಿಂದೇ ಅಲ್ದಾ?” ಅದರಲ್ಲಿ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಅದೇ ಕಷ್ಟ. ಕೋಪಕ್ಕಾದರೆ ಎದುರಾಡಬಹುದು. ನನಗೋ ಆ ನೇರಳೆ ಸರ ಕಂಡ ಮೇಲೆ ಕ್ಯಾರೆಟ್ಟನ್ನು ಹೂವಿನ ಹಾಗೆ ಕತ್ತರಿಸುವುದು ಕಲಿಯುವ ಮನಸ್ಸೇ ಇರಲಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕದ ಜಾಗ ರುಕ್ಸಾನಾಳದು. ಕುರ್ಲಾದವಳು, ಮನೆಯವರು ವಿಜಯಪುರದ ಕಡೆಯವರು. ಮನೆಯಲ್ಲಿ ದಖ್ಖನಿ, ನನ್ನೊಡನೆ ಮಾತ್ರ ಗಡಸು ಕನ್ನಡ. ಮೊದಲ ದಿನ ನನ್ನ ಕುಂದಾಪ್ರ ಕನ್ನಡ ಕೇಳಿ, “ಇದು ಕನ್ನಡಾನ? ನಾ ಮಲಯಾಳಿ ಅಂತ ತಿಳದಿದ್ದೆ” ಎಂದವಳು. ಅವಳಿಗೂ ಅದೇ ಸೀಟು ಬೇಕಾಗಿತ್ತು, ಆದರೆ ಅವಳಿಗೆ ಗಡಿಬಿಡಿಯಿರಲಿಲ್ಲ. ಅವಳ ಟ್ಯೂಬಿನ ಬ್ಯಾಕ್ಟೀರಿಯಾ ಮೊದಲ ದಿನವೇ ದ್ರಾಕ್ಷಿಗೊಂಚಲಿನಂತೆ ನೇರಳೆಯಾಗಿ ಕಂಡು, ಅರ್ಧ ಹೆಸರು ತಾನಾಗಿಯೇ ಹೇಳಿಬಿಟ್ಟಿತ್ತು.

ನಾನು ಬಣ್ಣ ಹಾಕಿದೆ, ತೊಳೆದೆ, ನೋಡಿದೆ. ಗುಲಾಬಿ ಬಣ್ಣದ ಪುಟ್ಟ ಕಡ್ಡಿಗಳು. ಆಹಾ! ಗುಲಾಬಿ ಕಡ್ಡಿ ಎಂದರೆ ಮುಕ್ಕಾಲು ಪಾಲು ಇ. ಕೋಲೈ, ನಮ್ಮೆಲ್ಲರ ಕರುಳಿನಲ್ಲೇ ಇರುವ ಹಳೇ ಬಾಡಿಗೆದಾರ. ಮನಸ್ಸಿನಲ್ಲೇ ಹೆಸರಿಟ್ಟು, ತೊಟ್ಟಿಲಿಗೆ ಹಾಕಿ, ಲಾಡೂ ಹಂಚಿಯಾಯಿತು.

ಮರುದಿನ ನೋಡಿದರೆ ಟ್ಯೂಬಿನೊಳಗಿನ ನಮ್ಮ ನೆಂಟ ಸಹಕರಿಸಲೇ ಇಲ್ಲ. ಗುಲಾಬಿ ಕುಲದವರು ಸಂಭ್ರಮದಿಂದ ಬೆಳೆಯುವ ಒಂದು ಕೆಂಪು ತಟ್ಟೆಯಿದೆ, ನೇರಳೆಯವರಿಗೆ ಅಲ್ಲಿ ಪ್ರವೇಶವಿಲ್ಲ. ನನ್ನ ತಟ್ಟೆ ಖಾಲಿ! ತಟ್ಟೆಯದೇ ದೋಷ ಎಂದುಕೊಂಡೆ. ಪಿಷ್ಟದ ತಟ್ಟೆಗೆ ಅಯೋಡಿನ್ ಸುರಿದೆ. ಪಿಷ್ಟ ಉಳಿದಲ್ಲೆಲ್ಲ ಅದು ಕಡುನೀಲಿಯಾಗಬೇಕು. ಎಲ್ಲ ಕಡೆ ಆಯಿತು, ನೆಂಟ ಕೂತಿದ್ದ ಜಾಗದ ಸುತ್ತ ಮಾತ್ರ ಬಾಳೆಲೆಯನ್ನು ಬಳಿದು ಉಂಡಂತೆ ಬಿಳಿ ಬಯಲು. ಅಷ್ಟೂ ಪಿಷ್ಟವನ್ನು ಉಂಡು ಮುಗಿಸಿದ್ದ. ಇ. ಕೋಲೈ ಪಿಷ್ಟ ಮುಟ್ಟುವವನಲ್ಲ. ಈಗ ಅಯೋಡಿನ್ನಿನ ದೋಷ ಎಂದುಕೊಂಡೆ. ಪ್ರೀತಿ ಕುರುಡು ಅಂತಾರಲ್ಲ, ಊಹೆಯ ಮೇಲಿನ ಪ್ರೀತಿ ಅದಕ್ಕಿಂತ ಕುರುಡು.

ಆ ಸಂಜೆ ನಾನು ಊಟ ಬಿಟ್ಟು ಕೂತದ್ದು ಕಂಡು ಅಜ್ಜಿ ಹತ್ತಿರ ಬಂದಳು.

“ಎಂತ ಆಯ್ತ್ ಹೆಣೆ?”

“ಒಬ್ಬ ಯಾರಂತ ಗೊತ್ತಾತಿಲ್ಲ ಅಜ್ಜಿ. ನೋಡುಕೆ ಒಂದ್ ನಮೂನೆ, ಉಂಬುದು ಇನ್ನೊಂದ್ ನಮೂನೆ.”

“ಎಂತ ಉಂತ?”

“ಗಂಜಿ.”

ಅಜ್ಜಿಯ ಮುಖ ಅರಳಿತು. “ಗಂಜಿ ಉಂಬವ ಕೆಟ್ಟವ ಆತಿಲ್ಲ ಬಿಡ್. ಅಂಗಿ ಬಣ್ಣ ಕಂಡ್ ಮನ್ಶ್ರನ್ನ ಅಳೂಕಾಗ. ಉಂಡ್ ಬಾ ಈಗ.”

ಅವಳು ಯಾವನೋ ಹುಡುಗನ ವಿಷಯ ಎಂದುಕೊಂಡಿದ್ದಳೋ ಏನೋ, ಆ ದಿನ ಹಪ್ಪಳ ಒಂದು ಹೆಚ್ಚೇ ಸುಟ್ಟು ಹಾಕಿದಳು.

ಶುಕ್ರವಾರ ಬೆಳಗ್ಗೆ ಸ್ಲೈಡಿಗೆ ಮತ್ತೆ ಬಣ್ಣ ಹಾಕಿದೆ. ಸಿಂಕಿನ ಮುಂದೆ ನಿಂತು ಆಲ್ಕೋಹಾಲು ಬಿಡುತ್ತಿದ್ದೆ. ಪಕ್ಕದಲ್ಲಿ ರುಕ್ಸಾನಾ ಕೈಕಟ್ಟಿಕೊಂಡು ನಿಂತಿದ್ದಳು.

“ಲೇ ವಾರಿಜಾ, ಏನ ಮಾಡಾಕತ್ತಿ?”

“ತೊಳೀತಿದ್ದೆ.”

“ಅದು ಕಾಣತೈತಿ. ಸ್ಲೈಡ್ ತೊಳ್ಯಾಕತ್ತಿಯೋ, ಅದರ ಪಾಪ ತೊಳ್ಯಾಕತ್ತಿಯೋ?”

“ಬಣ್ಣ ಪೂರಾ ಹೋಯ್ಕಲ್ದಾ?”

ಅವಳು ನನ್ನನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಏನೋ ಮಿಂಚಿತು. “ತಡಿ” ಎಂದವಳೇ ಹೊಸ ಸ್ಲೈಡು ತಂದು, ಒಂದು ಬದಿಗೆ ನನ್ನ ನೆಂಟನನ್ನೂ ಇನ್ನೊಂದು ಬದಿಗೆ ತನ್ನ ದ್ರಾಕ್ಷಿಗೊಂಚಲನ್ನೂ ಬಳಿದಳು. ಒಬ್ಬರಿಗೊಬ್ಬರು ಉತ್ತರ ಹೇಳಬಾರದೆಂದು ಮೇಡಮ್ಮಿನ ನಿಯಮವಿತ್ತು. ಬ್ಯಾಕ್ಟೀರಿಯಾ ಕಡ ಕೊಡಬಾರದು ಎಂದೇನೂ ಇರಲಿಲ್ಲ.

“ಈಗ ನಿಮ್ಮ ಮನಿ ಪದ್ಧತಿ ಪ್ರಕಾರ ತೊಳಿ. ಒಂದ ಹನಿ ಕಮ್ಮಿ ಮಾಡಬ್ಯಾಡ.”

ತೊಳೆದೆ. ತಿಳಿ ಬರುವವರೆಗೆ, ಮತ್ತೆ ಮನಸ್ಸಮಾಧಾನಕ್ಕೆ ಇನ್ನೊಂದು ಸಲ. ಗುಲಾಬಿ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟಾಗ ಅವಳೇ ಮೊದಲು ಬಗ್ಗಿದಳು. ಫೋಕಸ್ಸಿನ ತಿರುಪನ್ನು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಲ್ಯಾಬೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದಳು.

“ಯಾ ಅಲ್ಲಾ! ನನ್ನ ದ್ರಾಕ್ಷೀನೂ ಗುಲಾಬಿ ಮಾಡಿ ಇಟ್ಟಾಳ ನೋಡ್ರಿ ಈಕಿ!”

ನಾನೂ ನೋಡಿದೆ. ನಾಲ್ಕು ದಿನದಿಂದ ನೇರಳೆಯೆಂದು ಸಾಬೀತಾಗಿದ್ದ ಅವಳ ಗೊಂಚಲು ನಾಚಿ ಕೆಂಪಾದಂತೆ ಕೂತಿತ್ತು. ಹಠಮಾರಿಗಳಿಗೂ ಒಂದು ಮಿತಿ ಇದೆಯಲ್ಲ! ಕೆಲವೇ ಸೆಕೆಂಡುಗಳ ಕೆಲಸವಾದ ಆ ತೊಳೆತವನ್ನು ನಾನು ಹೊಸ ಸೀರೆ ಜಾಲಿಸುವ ಹಾಗೆ ಜಾಲಿಸಿದರೆ ಯಾವ ಬ್ಯಾಕ್ಟೀರಿಯಾದ ಮೈಮೇಲೆ ಬಣ್ಣ ನಿಂತೀತು? ಕೆಂಪು ತಟ್ಟೆ ಸುಳ್ಳು ಹೇಳಿರಲಿಲ್ಲ. ಅಯೋಡಿನ್ನೂ ಹೇಳಿರಲಿಲ್ಲ. ಮಡಿ ಮಾಡಿ ಅವನ ಗುರುತು ಕೆಡಿಸಿದವಳು ನಾನು.

“ನಿಮ್ಮಜ್ಜೀನ ಕರಕೊಂಡ ಬಾ” ಎಂದಳು ರುಕ್ಸಾನಾ ಹೊಟ್ಟೆ ಹಿಡಿದುಕೊಂಡು. “ಕುರ್ಲಾದಾಗ ನಮ್ಮ ಚಾಳಿನ ಗ್ವಾಡಿ ತೊಳಸೂದೈತಿ.”

ಈ ಸಲ ಅವಳು ನನ್ನ ಮಣಿಕಟ್ಟು ಹಿಡಿದೇ ನಿಂತಳು. ಆಲ್ಕೋಹಾಲು ಬಿಟ್ಟೆ; “ಸಾಕು!” ಎಂದು ಕೈ ಎಳೆದಳು. ಸ್ಲೈಡಿನಿಂದ ಇನ್ನೂ ಒಂದೆಳೆ ಬಣ್ಣ ಇಳಿಯುತ್ತಿತ್ತು. ಅಜ್ಜಿ ಕಂಡಿದ್ದರೆ ನನ್ನನ್ನು ಹೊರಗೇ ನಿಲ್ಲಿಸುತ್ತಿದ್ದಳು. ಜೀವ ಚಡಪಡಿಸಿತು, ಆದರೂ ತಡೆದುಕೊಂಡೆ.

ಕಣ್ಣಿಟ್ಟರೆ ನೇರಳೆ! ಮಿನುಗುವ, ಕೊಬ್ಬಿದ, ಗಟ್ಟಿಮುಟ್ಟಾದ ನೇರಳೆ ಕಡ್ಡಿಗಳು. ಕೆಲವದರ ಹೊಟ್ಟೆಯಲ್ಲಿ ಬಣ್ಣ ಹತ್ತದ ಒಂದು ಪುಟ್ಟ ಬಿಳಿ ತೂತು, ಉದ್ದಿನ ವಡೆಯದಂತೆ. ಆ ತೂತು ಕಂಡದ್ದೇ ನನ್ನ ಮೈ ಜುಮ್ಮೆಂದಿತು. ಕಷ್ಟಕಾಲಕ್ಕೆಂದು ಕೆಲವು ಬ್ಯಾಕ್ಟೀರಿಯಾಗಳು ಒಳಗೊಳಗೇ ಕಟ್ಟಿಕೊಳ್ಳುವ ಗಟ್ಟಿ ಬೀಜ ಅದು. ಕುದಿಸಿದರೂ ಸುಲಭಕ್ಕೆ ಸಾಯುವುದಿಲ್ಲ. ಅದು ನಿಜವಾಗಿಯೂ ಬೀಜವೇ ಎಂದು ತೋರಿಸಲು ಹಸಿರು ಬಣ್ಣ ಹಾಕಿ ಸ್ಲೈಡನ್ನು ಹಬೆಯಲ್ಲಿ ಬೇಯಿಸಬೇಕು. ಬಣ್ಣ ಕುದಿಯಕೂಡದು, ಒಣಗಕೂಡದು, ಒಂದೇ ಸಮನೆ ಹಬೆಯಾಡಬೇಕು. ಅರ್ಧ ಕ್ಲಾಸಿನ ಸ್ಲೈಡುಗಳು ಇಲ್ಲೇ ಸೀದುಹೋಗುತ್ತಿದ್ದವು. ಆದರೆ ಸ್ವಾಮೀ, ಹಬೆಯ ವಿಷಯದಲ್ಲಿ ಇಡ್ಲಿಯವರ ಮಗಳಿಗೆ ಯಾರು ಪಾಠ ಹೇಳಬೇಕು? ಉರಿ ಸಣ್ಣ ಮಾಡಿ, ಆವಿಯ ವಾಸನೆಯಲ್ಲೇ ಹದ ಹಿಡಿದೆ. ಈ ಪರೀಕ್ಷೆಯಲ್ಲಿ ನೇರಳೆ ಇಲ್ಲ; ಹಸಿರನ್ನು ನೀರಲ್ಲಿ ತೊಳೆದು ಮೇಲೆ ಗುಲಾಬಿ ಹಾಕಿದಾಗ, ಗುಲಾಬಿ ಕಡ್ಡಿಗಳ ಹೊಟ್ಟೆಯಲ್ಲಿ ಹಸಿರು ಮಣಿಗಳು ಹೊಳೆದವು.

ಶನಿವಾರ ಮೆನೆಜಿಸ್ ಮೇಡಮ್ಮಿನ ಮೇಜಿನ ಮುಂದೆ ನಿಂತೆ. ಅವರು ನಾನು ದಿನದಿನ ಬರೆದುಕೊಟ್ಟ ಫಲಿತಾಂಶಗಳನ್ನು ನೋಡಿದರು, ಕನ್ನಡಕ ತಲೆಯ ಮೇಲಿಂದ ಮೂಗಿಗೆ ಇಳಿಯಿತು.

“ಬೇಟಾ, ಮಂಡೇ ಕೋ ಪಿಂಕ್, ಫ್ರೈಡೇ ಕೋ ಪರ್ಪಲ್. ಯೇ ಬ್ಯಾಕ್ಟೀರಿಯಾ ಹೈ ಯಾ ನೇತಾ? ಪಾರ್ಟೀ ಬದಲ್ ಲೀ?”

ನನ್ನ ನೆಂಟ ಪಕ್ಷ ಬದಲಿಸುವ ರಾಜಕಾರಣಿಯಾದದ್ದಕ್ಕೆ ಹಿಂದೆ ನಿಂತವರೆಲ್ಲ ನಕ್ಕರು. ಮೊದಲ ಫಲಿತಾಂಶ ಬರೆಯುವಾಗ ಕೈ ತಪ್ಪಿತು ಎಂದು ಜಾರಿಕೊಳ್ಳಬಹುದಿತ್ತು. ಆದರೆ ಬಾಯಿ ತೆರೆದರೆ ಬಂದದ್ದು ಅಜ್ಜಿಯೇ. ಅಕ್ಕಿ, ಸೊಪ್ಪು, ಸೀರೆ, ತಿಳಿನೀರು, ದ್ರಾಕ್ಷಿಗೊಂಚಲಿನ ಅವಮಾನ, ಎಲ್ಲ ಹೇಳಿಬಿಟ್ಟೆ. ಖಾಲಿ ಕೆಂಪು ತಟ್ಟೆ, ಪೆರಾಕ್ಸೈಡಿನಲ್ಲಿ ಎದ್ದ ಬುರಬುರ ನೊರೆ, ಉಂಡು ಮುಗಿಸಿದ ಪಿಷ್ಟ, ಹಸಿರು ಬೀಜ, ಎಲ್ಲವೂ ಒಂದೇ ಹೆಸರು ಹೇಳುತ್ತವೆ, ತಪ್ಪು ಹೇಳಿದ್ದು ನನ್ನ ಕೈ ಮಾತ್ರ ಎಂದೆ.

“ಔರ್ ನಾಮ್?”

“ಬ್ಯಾಸಿಲಸ್ ಸಬ್ಟಿಲಿಸ್, ಮೇಡಮ್.”

ಮೇಡಮ್ ಡ್ರಾಯರಿನಿಂದ ನನ್ನ ಟ್ಯೂಬಿನ ಜೋಡಿಯನ್ನು ತೆಗೆದು, ಅದರ ಚೀಟಿಯನ್ನು ತಾವೊಬ್ಬರೇ ಓದಿಕೊಂಡರು. ಆ ಓದು ಎಷ್ಟು ಹೊತ್ತು ನಡೆಯಿತೆಂದರೆ ನಾನು ಮನಸ್ಸಿನಲ್ಲಿ ಕ್ಯಾರೆಟ್ಟಿನ ಎರಡು ಹೂವು ಕತ್ತರಿಸಿ ಮುಗಿಸಿದ್ದೆ.

“ಸರಿಯಾಗಿ ಬಣ್ಣ ಹಾಕುವವರು ನನಗೆ ಬೇಕಾದಷ್ಟು ಸಿಗುತ್ತಾರೆ” ಎಂದರು ಕೊನೆಗೆ, ತಮ್ಮ ಹಿಂದಿ-ಇಂಗ್ಲಿಷಿನಲ್ಲಿ. “ಬಣ್ಣ ಯಾಕೆ ತಪ್ಪಿತು ಅಂತ ಹುಡುಕಿಕೊಂಡು ಹೋಗುವವರು ಕಮ್ಮಿ. ಥರ್ಡ್ ಇಯರ್‌ನಲ್ಲಿ ಸಿಗೋಣ.” ಆಮೇಲೆ ರುಕ್ಸಾನಾಳ ಕಡೆ ತಿರುಗಿ, “ನೀನೂ. ದ್ರಾಕ್ಷಿಯನ್ನು ಕಡ ಕೊಟ್ಟದ್ದಕ್ಕಲ್ಲ, ನಿನ್ನ ಉತ್ತರ ಸರಿ ಇದೆ ಅದಕ್ಕೆ.”

ರುಕ್ಸಾನಾ ಆ ದಿನ ಕುರ್ಲಾದ ಗಾಡಿ ಬಿಟ್ಟು ನನ್ನ ಜೊತೆ ಚರ್ಚ್‌ಗೇಟಿನಲ್ಲಿ ಬೊರಿವಲಿ ಸ್ಲೋ ಲೋಕಲ್ ರೈಲು ಹತ್ತಿದಳು, ಅಪ್ಪಯ್ಯನ ಹೋಟೆಲಿನ ಮಸಾಲೆದೋಸೆಯ ಮೇಲೆ ಹಕ್ಕು ಸ್ಥಾಪಿಸಲು. ಲೇಡೀಸ್ ಡಬ್ಬದಲ್ಲಿ ಕಿಟಕಿ ಬದಿಯ ಜಾಗ ಸಿಕ್ಕಿತು. ನಾವು ಒಬ್ಬರ ಮುಖ ಒಬ್ಬರು ನೋಡುವುದು, ನಗುವುದು, ಮತ್ತೆ ನೋಡುವುದು. ಎದುರಿಗೆ ಮಡಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತ ಆಂಟಿಯೊಬ್ಬರು ಬಹಳ ಹೊತ್ತು ಸಹಿಸಿಕೊಂಡು ಕೊನೆಗೆ ಮದುವೆ ಗೊತ್ತಾಯಿತೇ ಎಂದು ಕೇಳಿಯೇಬಿಟ್ಟರು.

“ಶಾದೀ ಪಕ್ಕೀ ಹುಯೀ ಕ್ಯಾ?”

ನಾನು ಬಾಯಿ ತೆರೆಯುವ ಮೊದಲೇ ರುಕ್ಸಾನಾ ನನ್ನ ಭುಜ ಹಿಡಿದು ಮುಂದೆ ತಳ್ಳಿದಳು. “ಹಾಂ ಆಂಟೀ, ಇಸಕೀ!”

ಮುಂದಿನದೆಲ್ಲ ಹಿಂದಿಯಲ್ಲೇ ನಡೆಯಿತು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

“ಹುಡುಗ ಎಲ್ಲಿಯವನು?”

“ಹಳ್ಳಿಯೂ ಆಗುತ್ತದೆ, ಮುಂಬಯಿಯೂ ಆಗುತ್ತದೆ ಆಂಟಿ. ಮಣ್ಣನ್ನು ಬಿಟ್ಟು ಇರುವವನಲ್ಲ.”

“ಒಕ್ಕಲುತನದವರು, ಒಳ್ಳೆಯದೇ. ಊಟ ತಿಂಡಿಗೆ ರಗಳೆ ಇದೆಯೇ?”

“ಏನೂ ಇಲ್ಲ. ಗಂಜಿ ಕೊಟ್ಟರೂ ಮಾತಾಡದೆ ಉಣ್ಣುತ್ತಾನೆ.”

ಪಕ್ಕದ ಸಾಲಿನವರೂ ಈಗ ಇತ್ತ ತಿರುಗಿದ್ದರು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಗು ತಡೆಯುತ್ತಿದ್ದೆ. ನಾಚಿಕೆ ಎಂದು ಅವರೆಲ್ಲ ಮೆಚ್ಚಿಕೊಂಡರು.

“ಮನೆಯಲ್ಲಿ ಜನ ಎಷ್ಟು?”

“ಅದೊಂದೇ ನೋಡಿ, ದೊಡ್ಡ ಕುಟುಂಬ. ಬೆಳಗ್ಗೆ ಇದ್ದದ್ದಕ್ಕಿಂತ ಸಂಜೆಗೆ ಜಾಸ್ತಿ ಇರುತ್ತಾರೆ.”

“ಇರಲಿ, ಮನೆ ತುಂಬಿರಬೇಕು.” ಆಂಟಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ದನಿ ತಗ್ಗಿಸಿದರು. “ಕುಡಿತ ಗಿಡಿತ?”

“ಸ್ವಲ್ಪ ತಾಗಿದರೆ ಬಣ್ಣ ಬದಲಾಯಿಸುವುದಿಲ್ಲ” ಎಂದಳು ರುಕ್ಸಾನಾ ಬಹಳ ಗಂಭೀರವಾಗಿ. “ಜಾಸ್ತಿಯಾದರೆ ಮಾತ್ರ ಗುಲಾಬಿಯಾಗುತ್ತಾನೆ.”

“ಗಲಾಟೆ ಮಾಡುತ್ತಾನೆಯೇ?”

“ಯಾರಿಗೂ ತೊಂದರೆ ಕೊಟ್ಟವನಲ್ಲ. ಕಷ್ಟ ಬಂದರೆ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕೂತು ಸಹಿಸಿಕೊಳ್ಳುತ್ತಾನೆ.”

ಆಂಟಿ ನಿಟ್ಟುಸಿರು ಬಿಟ್ಟರು. ತಮ್ಮ ಮನೆಯಲ್ಲಿರುವವರ ನೆನಪಾಯಿತೋ ಏನೋ. ಮೆಂತ್ಯದ ಪರಿಮಳದ ಕೈಯನ್ನು ನನ್ನ ತಲೆಯ ಮೇಲಿಟ್ಟು, “ಇಂಥವನು ಈ ಕಾಲದಲ್ಲಿ ಸಿಗುವುದಿಲ್ಲ ಬೇಟಿ, ಬಿಡಬೇಡ” ಎಂದರು.

ನಾನು ಬಿಡಲಿಲ್ಲ.